ಸೂಜಿ, ಗಾಳಿ, ಗದ್ದೆ: ಹೆರಿಗೆಯ ಬಳಿಕ ಉಳಿದುಹೋಗುವ ನೋವು

“ಬೆನ್ನಾಗ ಸೂಜಿ ಹಾಕಿದಾಗಿಂದ ಟೊಂಕ ಹಿಡಕೊಂಡೈತ್ರಿ.” ರಾಯಚೂರಿನ ದೊಡ್ಡ ದವಾಖಾನೆಯ ಚೀಟಿ ಸಾಲಿನಲ್ಲಾಗಲಿ, ಮಾನ್ವಿಯ ಸಂತೆಯಲ್ಲಾಗಲಿ, ದೇವದುರ್ಗದ ಕಡೆಯ ತಾಂಡಾದ ಕಟ್ಟೆಯ ಮೇಲಾಗಲಿ ಹೆಂಗಸರ ನಡುವೆ ಸ್ವಲ್ಪ ಹೊತ್ತು ಕೂತರೆ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವಳ ಮಗು ಆಗಲೇ ಅಂಗನವಾಡಿಗೆ ಹೋಗುತ್ತಿರುತ್ತದೆ. ಪಕ್ಕದಲ್ಲಿ ಕೂತ ಅತ್ತೆಯ ಲೆಕ್ಕ ಬೇರೆ: “ಬಾಣಂತನದಾಗ ತಲಿಗಿ ಅರಿವಿ ಕಟ್ಟಿಕೊಳ್ಳಲಿಲ್ಲ, ಗಾಳಿ ಹೊಕ್ಕೈತಿ.” ಚೀಟಿ ಬರೆಯುವ ಡಾಕ್ಟರು “ರಕ್ತ ಕಡಿಮಿ ಐತಮ್ಮ, ಗುಳಿಗಿ ತಗೋ” ಎನ್ನುತ್ತಾರೆ. ಹೊರಗೆ ಬೈಕಿನ ಮೇಲೆ ಕಾಯುತ್ತಿರುವ ಗಂಡನದು ಇನ್ನೂ ಚಿಕ್ಕ ಮಾತು: “ಎಲ್ಲಾರೂ ಹಡೀತಾರ.”

ಮೊದಲ ಮೂರು ಮಾತುಗಳ ಹಿಂದೆ ಒಂದೊಂದು ವಿಚಾರ ಪರಂಪರೆ ಇದೆ. ನಾಲ್ಕನೆಯದರ ಹಿಂದೆ ಏನೂ ಇಲ್ಲ. ಆದರೂ ಬಹುಕಾಲ ಗೆದ್ದದ್ದು ಅದೇ.

ವೈದ್ಯಲೋಕ ಈ ನೋವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ತಡವಾಗಿ. 1989ರಲ್ಲಿ ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಗಡ್‌ಚಿರೋಲಿಯ ಎರಡು ಹಳ್ಳಿಗಳಲ್ಲಿ 650 ಹೆಂಗಸರನ್ನು ಪರೀಕ್ಷಿಸಿ, ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಇದೆಯೆಂದು ಬರೆದಾಗ ದೇಶ ಬೆಚ್ಚಿತು. ಕರ್ನಾಟಕದಲ್ಲಿ ಜಗದೀಶ್ ಭಾಟಿಯಾ ಮತ್ತು ಜಾನ್ ಕ್ಲೀಲ್ಯಾಂಡ್ ಚಿಕ್ಕ ಮಕ್ಕಳಿರುವ 3,600 ತಾಯಂದಿರನ್ನು ಮಾತನಾಡಿಸಿದರು. 1995ರಲ್ಲಿ ಪ್ರಕಟವಾದ ಆ ಸಮೀಕ್ಷೆಯಲ್ಲಿ ಸುಮಾರು ಮೂವರಲ್ಲಿ ಒಬ್ಬರು ಆ ಹೊತ್ತಿಗೂ ಯಾವುದೋ ತೊಂದರೆ ಅನುಭವಿಸುತ್ತಿದ್ದೇವೆ ಎಂದಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಒತ್ತಾಸೆಯಿಂದ 2023ರ ಡಿಸೆಂಬರಿನಲ್ಲಿ ಬಂದ ಲ್ಯಾನ್ಸೆಟ್ ಲೇಖನಮಾಲೆ ಜಗತ್ತಿನ ಲೆಕ್ಕ ಕೊಟ್ಟಿತು: ವರ್ಷಕ್ಕೆ ಕನಿಷ್ಠ 4 ಕೋಟಿ ಹೆಂಗಸರಿಗೆ ಹೆರಿಗೆಯಿಂದಾದ ತೊಂದರೆ ದೀರ್ಘಕಾಲ ಉಳಿಯುತ್ತದೆ, ಹೆತ್ತವರಲ್ಲಿ ನೂರಕ್ಕೆ 32 ಮಂದಿಗೆ ಸೊಂಟನೋವು. ಆದರೆ ತಾಯ್ತನದ ಸರ್ಕಾರಿ ಲೆಕ್ಕ ಮುಗಿಯುವುದು 42ನೇ ದಿನಕ್ಕೆ. ತಾಯಿಮರಣದ ವ್ಯಾಖ್ಯೆಯೂ ಅಷ್ಟೇ ದಿನದ್ದು. ನಲವತ್ಮೂರನೇ ದಿನ ಟೊಂಕ ಹಿಡಿದರೆ ಅದು ಯಾವ ಪುಸ್ತಕದಲ್ಲೂ ಏರುವುದಿಲ್ಲ.

ಗಾಳಿ ಹೊಕ್ಕ ಕಥೆ

ಅತ್ತೆಯ ಮಾತು ಎಲ್ಲಕ್ಕಿಂತ ಹಳೆಯದು. ಹೆತ್ತ ಮೈ ಬರಿದಾದ ಮಡಕೆಯಂತೆ, ಖಾಲಿಯಾದ ಜಾಗಕ್ಕೆ ಗಾಳಿ ನುಗ್ಗುತ್ತದೆ ಎಂಬುದು ಅದರ ತಿರುಳು. ಆಯುರ್ವೇದ ಇದನ್ನೇ ವಾತ ಕೆರಳುವುದು ಎಂದು ಹೇಳಿತು, ಬಾಣಂತಿಗೆ ಸೂತಿಕಾ ಎಂಬ ಹೆಸರಿಟ್ಟು ಅವಳ ರೋಗಗಳನ್ನೇ ಬೇರೆ ಪಟ್ಟಿ ಮಾಡಿತು. ಸುಶ್ರುತನ ಪರಂಪರೆ ಈ ಅವಧಿಯನ್ನು ಒಂದೂವರೆ ತಿಂಗಳು ಎಂದರೆ, ನೇಪಾಳದಲ್ಲಿ ಸಿಕ್ಕ ಹಸ್ತಪ್ರತಿಯಿಂದ 1938ರಲ್ಲಿ ಅಚ್ಚಾದ ಕಾಶ್ಯಪ ಸಂಹಿತೆ ಆರು ತಿಂಗಳವರೆಗೆ ಎಳೆಯುತ್ತದೆ. ಇಂದಿನ 42 ದಿನದ ಲೆಕ್ಕ ಸುಶ್ರುತನ ಪಕ್ಕದಲ್ಲೇ ಬಂದು ಕೂತಿರುವುದು ಕಾಕತಾಳೀಯವಿರಬಹುದು. ನನಗೆ ಕಾಶ್ಯಪನ ಲೆಕ್ಕವೇ ಹೆಚ್ಚು ವಾಸ್ತವ ಅನಿಸುತ್ತದೆ.

ಗಾಳಿಯ ಮಾತು ನಮ್ಮಲ್ಲಷ್ಟೇ ಇಲ್ಲ. ಕೊರಿಯಾದಲ್ಲಿ ಹೆತ್ತ ನಂತರದ ಕೀಲುನೋವಿಗೆ ‘ಸಾನ್‌ಹುಪುಂಗ್’ ಎನ್ನುತ್ತಾರೆ, ಹೆರಿಗೆಯ ನಂತರದ ಗಾಳಿ ಎಂದೇ ಅದರ ಅರ್ಥ. ಚೀನಾದ ಬಾಣಂತಿ ಒಂದು ತಿಂಗಳು ಕಿಟಕಿ ಮುಚ್ಚಿ ಕೂರುತ್ತಾಳೆ. ಇಷ್ಟು ದೂರದೂರದ ಮುದುಕಿಯರು ಒಂದೇ ಮಾತು ಹೇಳಿದರೆಂದರೆ, ಕಾರಣ ತಪ್ಪಿದ್ದರೂ ಕಂಡದ್ದು ಸುಳ್ಳಿರಲಿಕ್ಕಿಲ್ಲ.

ನಮ್ಮ ಕಡೆಯ ಬಾಣಂತನ ನೋಡಿ. ಎಣ್ಣೆ ನೀವುವುದು, ಸುಡುಸುಡು ನೀರು ಎರೆಯುವುದು, ಹೊರಸಿನ ಕೆಳಗೆ ಕೆಂಡ ಇಟ್ಟು ಲೋಬಾನದ ಹೊಗೆ ಹಾಕುವುದು, ಕಿವಿಗೆ ಅರಳೆ, ತಲೆಗೆ ಅರಿವೆ, ನಡುವಿಗೆ ಹಳೇ ಸೀರೆಯ ಬಿಗಿ ಕಟ್ಟು. ಉಣ್ಣಲಿಕ್ಕೆ ಅಂಟಿನ ಉಂಡಿ, ಅಳವಿ ಪಾಯಸ, ಸಬ್ಬಸಗಿ ಪಲ್ಯ. ಇದರ ಒಳಗೆ ಅಡಗಿರುವ ನಿಜವಾದ ಮದ್ದು ಯಾವುದು? ನೀವಿಸಿಕೊಳ್ಳುವಾಗ ಇನ್ನೊಬ್ಬರ ಕೈ ಮೈಮೇಲೆ ಇರುತ್ತದೆ, ನಡುಕಟ್ಟು ಸಡಿಲಾದ ಹೊಟ್ಟೆಗೆ ಆಸರೆ ಕೊಡುತ್ತದೆ, ಕೊಬ್ಬರಿ ಉತ್ತತ್ತಿ ಬೆಲ್ಲ ಶಕ್ತಿ ತುಂಬುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿಯ ಹೆದರಿಕೆ ಇರುವಷ್ಟು ದಿನ ಯಾರೂ ಅವಳ ಕೈಗೆ ಕೊಡ ಕೊಡುವುದಿಲ್ಲ. ಬಡವರ ಮನೆಯಲ್ಲಿ ಹೆಣ್ಣಿಗೆ ಸಿಕ್ಕ ಒಂದೇ ಒಂದು ರಜೆಯನ್ನು ಕಾಯಲಿಕ್ಕೆ ಗಾಳಿಗಿಂತ ಒಳ್ಳೆಯ ಕಾವಲುಗಾರ ಇರಲಿಲ್ಲ.

ಆದರೆ ಈ ಪದ್ಧತಿಯ ಒಂದು ತುದಿ ಅಪಾಯಕ್ಕೆ ತಾಗುತ್ತದೆ. ಬಾಣಂತಿಗೆ ನೀರು ಕಡಿಮೆ ಕೊಡಬೇಕು ಎಂಬ ಕಟ್ಟಳೆ ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಬರಿ ತಲೆನೋವಿಗೆ ನಿಲ್ಲುವುದಿಲ್ಲ. ಮೆದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ ಬಾಣಂತಿಯರಲ್ಲಿ ಹೆಚ್ಚೆಂದು ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ನೀರಿನ ಕೊರತೆ, ರಕ್ತಹೀನತೆ ಅದಕ್ಕೆ ಒತ್ತಾಸೆಯಾಗುತ್ತವೆ ಎಂಬುದು ಆ ಚರ್ಚೆಯ ಭಾಗ.

ಸೂಜಿಯ ಮೇಲಿನ ದೂರು

ಹೆರಿಗೆ ಮನೆಯಿಂದ ದವಾಖಾನೆಗೆ ಹೋದಂತೆ ದೂರೂ ಗಾಳಿಯಿಂದ ಸೂಜಿಗೆ ಹೋಯಿತು. ದವಾಖಾನೆಯಲ್ಲಿ ಹೆತ್ತರೆ ಹಣ ಕೊಡುವ 2005ರ ಜನನಿ ಸುರಕ್ಷಾ ಯೋಜನೆಯ ನಂತರ ಈ ಬದಲಾವಣೆ ಬಿರುಸಾಯಿತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 31.5 ಸಿಜೇರಿಯನ್. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 23.6 ಇತ್ತು. ಸಿಜೇರಿಯನ್‌ಗೆ ಬಹುತೇಕ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಅರಿವಳಿಕೆ ಕೊಡುತ್ತಾರೆ. ಹೆಂಗಸಿಗೆ ನೆನಪಿರುವುದು ಆ ಸೂಜಿ. ಬೆನ್ನು ಬಾಗಿಸಿ ಕೂರು ಎಂದದ್ದು, ತಣ್ಣನೆಯ ಸ್ಪಿರಿಟ್ಟು, ಕಾಲು ತನ್ನದಲ್ಲ ಅನಿಸಿದ್ದು. ಆಮೇಲೆ ಬಂದ ಬೆನ್ನುನೋವಿಗೆಲ್ಲ ಆ ಒಂದು ಗಳಿಗೆಯೇ ಗುರುತಾಗಿ ನಿಲ್ಲುತ್ತದೆ.



ಬೆನ್ನಿನ ಸೂಜಿಯಿಂದ ತಲೆನೋವು ಬರುತ್ತದೆಂಬುದು ಅದು ಹುಟ್ಟಿದ ದಿನದಿಂದಲೇ ಗೊತ್ತು. ಜರ್ಮನಿಯ ಆಗಸ್ಟ್ ಬೀರ್ 1898ರಲ್ಲಿ ಈ ವಿಧಾನವನ್ನು ತನ್ನ ಮೈಮೇಲೂ ಸಹಾಯಕನ ಮೈಮೇಲೂ ಪ್ರಯೋಗಿಸಿದ. ಇಬ್ಬರಿಗೂ ತಲೆ ಸಿಡಿಯಿತು, ಬೀರ್ ದಿನಗಟ್ಟಲೆ ಹಾಸಿಗೆ ಹಿಡಿದ. ಸೂಜಿ ತೂತು ಮಾಡಿದ ಪೊರೆಯಿಂದ ದ್ರವ ಸೋರಿ ಬರುವ ಈ ತಲೆನೋವಿನ ಲಕ್ಷಣ ಸ್ಪಷ್ಟ: ಎದ್ದು ಕೂತರೆ ಏರುತ್ತದೆ, ಮಲಗಿದರೆ ಇಳಿಯುತ್ತದೆ. ಸೂಜಿ ಹಾಕಿದ ಐದು ದಿನದೊಳಗೆ ಶುರುವಾಗಿ, ಸಾಮಾನ್ಯವಾಗಿ ಎರಡು ವಾರದೊಳಗೆ ತಾನೇ ಹೋಗುತ್ತದೆ. ಹೋಗದಿದ್ದರೆ ಅವಳದೇ ರಕ್ತವನ್ನು ಸ್ವಲ್ಪ ತೆಗೆದು ಬೆನ್ನಿನ ಅದೇ ಜಾಗಕ್ಕೆ ಬಿಟ್ಟು ತೂತು ಮುಚ್ಚುವ ಉಪಾಯ 1960ರಿಂದ ಇದೆ. ಸೂಜಿ ತೆಳ್ಳಗಾದಷ್ಟೂ, ತುದಿ ಮೊಂಡಾದಷ್ಟೂ ಈ ತೊಂದರೆ ಕಡಿಮೆ.

ಬೆನ್ನುನೋವಿನ ವಿಚಾರ ಇಷ್ಟು ಸಲೀಸಿಲ್ಲ. 1990ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಸಂಶೋಧಕರು 11,701 ತಾಯಂದಿರನ್ನು ಕೇಳಿ, ಹೆರಿಗೆನೋವು ತಗ್ಗಿಸಲು ಎಪಿಡ್ಯೂರಲ್ ಸೂಜಿ ಹಾಕಿಸಿಕೊಂಡವರಲ್ಲಿ ದೀರ್ಘಕಾಲದ ಬೆನ್ನುನೋವು ಹೆಚ್ಚು ಎಂದು ಪ್ರಕಟಿಸಿದರು. ಜಗತ್ತಿನ ಹೆಂಗಸರ ಗುಮಾನಿಗೆ ಪುರಾವೆ ಸಿಕ್ಕಂತಾಯಿತು. ಆದರೆ ಅವರು ಬೊಟ್ಟು ಮಾಡಿದ್ದು ಸೂಜಿಯ ಕಡೆಗಲ್ಲ. ಜೋಮು ಹಿಡಿದ ಮೈ ಗಂಟೆಗಟ್ಟಲೆ ಅಡ್ಡಾದಿಡ್ಡಿ ಭಂಗಿಯಲ್ಲಿದ್ದರೂ ಅವಳಿಗೆ ತಿಳಿಯದೆ ಹೋಗುವುದು ಕಾರಣವಿರಬಹುದು ಎಂದಿದ್ದರು. ಮುಂದೆ ಇಂಗ್ಲೆಂಡಿನಲ್ಲೇ 369 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎಪಿಡ್ಯೂರಲ್‌ನದೊಂದು, ಅದಿಲ್ಲದ್ದೊಂದು ಎಂದು ಎರಡು ಗುಂಪು ಮಾಡಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿದ ಅಧ್ಯಯನ 2002ರಲ್ಲಿ ಬಂತು. ಎರಡೂ ಗುಂಪಿನ ಬೆನ್ನುನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುತ್ತದೆ, ವರ್ಷಗಟ್ಟಲೆಯ ಟೊಂಕನೋವಿಗೆ ಅದು ಕಾರಣವಲ್ಲ ಎಂಬುದು ಇಂದಿನ ಬಹುಮತ. ಒಂದು ವಿನಾಯಿತಿ ಇದೆ: ಎಪಿಡ್ಯೂರಲ್‌ನ ದಪ್ಪ ಸೂಜಿ ಆಕಸ್ಮಿಕವಾಗಿ ಪೊರೆ ತೂತು ಮಾಡಿದವರಲ್ಲಿ ತಲೆನೋವು ತಿಂಗಳುಗಟ್ಟಲೆ ಉಳಿಯುವುದು ಹೆಚ್ಚು ಎಂದು ಇತ್ತೀಚಿನ ಕೆಲವು ಅಧ್ಯಯನಗಳು ತೋರಿಸಿವೆ. “ಸೂಜಿಯಿಂದ ಏನೂ ಆಗಲ್ಲ ಹೋಗವ್ವ” ಎಂದು ಒಂದೇ ಏಟಿಗೆ ತಳ್ಳಿಹಾಕುವ ಡಾಕ್ಟರೂ ಪೂರ್ತಿ ಸರಿಯಲ್ಲ.

ಸೂಜಿಯ ಜೊತೆಗೇ ಬರುವ ಇನ್ನೊಂದು ದೂರು ‘ಆಪರೇಶನ್’, ಅಂದರೆ ಸಂತಾನಹರಣ ಚಿಕಿತ್ಸೆ. ಅದೇ ಐದನೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ನೂರಕ್ಕೆ 57.4 ಮಂದಿ ಇದನ್ನು ಮಾಡಿಸಿಕೊಂಡವರು, ಗಂಡಸರ ಪಾಲು ಸೊನ್ನೆಯ ಹತ್ತಿರ. ಹೆರಿಗೆ, ಆಪರೇಶನ್, ಎರಡು ಮಕ್ಕಳ ಸಾಕಣೆ, ಕೂಲಿ ಎಲ್ಲವೂ ಇಪ್ಪತ್ತೈದರ ಆಸುಪಾಸಿನ ಒಂದೇ ಮೈಮೇಲೆ ಒಂದರ ಹಿಂದೊಂದು ಬೀಳುವಾಗ ಯಾವುದರಿಂದ ಯಾವ ನೋವು ಎಂದು ಬಿಡಿಸುವುದು ಸಿಕ್ಕುಬಿದ್ದ ನೂಲು ಬಿಡಿಸಿದ ಹಾಗೆ.

ಸಡಿಲಾದ ಗಂಟು, ತೆಳುವಾದ ರಕ್ತ, ಫ್ಲೋರೈಡ್ ನೀರು

ಸೂಜಿಯೇ ಇಲ್ಲದೆ ಹೆತ್ತವರಿಗೂ ಟೊಂಕ ನೋಯುತ್ತದೆಯಲ್ಲ? ಇದಕ್ಕೆ ಮೈಯ ರಚನೆಯಿಂದ ಉತ್ತರ ಹುಡುಕುವವರು ಹೇಳುವುದು ಹೀಗೆ. ಬಸುರಿನಲ್ಲಿ ರಿಲ್ಯಾಕ್ಸಿನ್ ಮೊದಲಾದ ಹಾರ್ಮೋನುಗಳು ಸೊಂಟದ ಮೂಳೆಗಳನ್ನು ಬಿಗಿದ ಕಟ್ಟುಗಳನ್ನು ಸಡಿಲಿಸುತ್ತವೆ. ಹೊಟ್ಟೆ ಮುಂದೆ ಬಂದಂತೆ ನಡು ಒಳಕ್ಕೆ ಬಾಗುತ್ತದೆ. ಹೊಟ್ಟೆಯ ಎರಡು ಉದ್ದ ಸ್ನಾಯುಗಳು ನಡುವೆ ಬಿಟ್ಟುಕೊಳ್ಳುತ್ತವೆ. ನಾರ್ವೆಯ ಒಂದು ಅಧ್ಯಯನದಲ್ಲಿ ವರ್ಷದ ನಂತರವೂ ಸುಮಾರು ಮೂವರಲ್ಲಿ ಒಬ್ಬರಿಗೆ ಅವು ಪೂರ್ತಿ ಕೂಡಿರಲಿಲ್ಲ. ಈ ಆಸರೆ ಮತ್ತೆ ಗಟ್ಟಿಯಾಗುವ ಮೊದಲೇ ಬಗ್ಗಿ ಎತ್ತುವ ಕೆಲಸ ಶುರುವಾದರೆ ಭಾರವೆಲ್ಲ ಬೆನ್ನೆಲುಬಿನ ಮೇಲೆ. ಈ ನೋವಿಗೆ ಮದ್ದು ಗುಳಿಗೆಗಿಂತ ವ್ಯಾಯಾಮ. ಹಳ್ಳಿಯವಳಿಗೆ ಅದನ್ನು ಕೂತು ಕಲಿಸುವವರು ಸಿಗುವುದು ಅಪರೂಪ, ಸಿಗುವುದು ನೋವಿನ ಇಂಜಿಕ್ಷನ್ನು.

ಡಾಕ್ಟರ ‘ರಕ್ತ ಕಡಿಮೆ’ ಎಂಬ ಮಾತಿಗೂ ಆಧಾರವಿದೆ. ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ತಲೆ ಭಾರ, ಕಣ್ಣುಕತ್ತಲೆ, ಸುಸ್ತು ಇದರಿಂದ ಬರುತ್ತವೆ. ಆದರೆ ಟೊಂಕದ ನೋವಿಗೂ ಕಬ್ಬಿಣದ ಗುಳಿಗೆಯೇ ಉತ್ತರ ಎನ್ನುವುದು ಕೈಗೆ ಸಿಕ್ಕ ಕೀಲಿಯಿಂದ ಎಲ್ಲ ಬಾಗಿಲು ತೆರೆಯಲು ಹೋದ ಹಾಗೆ. ಮೇಲಿಂದ ಮೇಲೆ ಬಸುರಾಗಿ, ಎದೆಹಾಲು ಕುಡಿಸಿ, ಸುಣ್ಣದ ಅಂಶ ಸೋರಿದ ಮೂಳೆ, ಡಿ ಜೀವಸತ್ವದ ಕೊರತೆಯಿಂದ ಮೆತ್ತಗಾದ ಮೂಳೆ ಕೂಡ ಹೀಗೇ ನೋಯುತ್ತವೆ.

ಈ ಜಿಲ್ಲೆಗೆ ಸೇರಿದ ಇನ್ನೊಂದು ಅನುಮಾನ ನೀರಿನದು. ಕಲ್ಲುನೆಲದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳು ರಾಯಚೂರು ಜಿಲ್ಲೆಯಲ್ಲಿ ಇವೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಲೆಯಾಗುತ್ತದೆ, ಪ್ರಮಾಣ ಇನ್ನೂ ಏರಿದರೆ ಬೆನ್ನು ಮರದ ಹಲಗೆಯಂತೆ ಬಿರುಸಾಗುತ್ತದೆ. ಈ ಕಾಯಿಲೆ ಭಾರತದಲ್ಲಿ ಮೊದಲು ದಾಖಲಾದದ್ದು 1937ರಲ್ಲಿ, ನೆಲ್ಲೂರಿನ ಕಡೆ. ಸುಣ್ಣದ ಅಂಶ ಕಡಿಮೆ ಇರುವ ಮೈಗೆ ಫ್ಲೋರೈಡ್ ಇನ್ನೂ ಕೆಡುಕು ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಎಪ್ಪತ್ತರ ದಶಕದ ಕೆಲಸದಿಂದ ತಿಳಿದದ್ದು. ಫ್ಲೋರೈಡ್ ಗಂಡಸರ ಬೆನ್ನನ್ನೂ ಬಿಡುವುದಿಲ್ಲ ನಿಜ. ಹೆರಿಗೆಯ ನೋವೆಂದು ಬಗೆದದ್ದರಲ್ಲಿ ನೀರಿನ ಪಾಲೆಷ್ಟು ಎಂದು ಬೇರೆ ಮಾಡಿ ಕೇಳಲೇಬೇಕಾದ ಊರುಗಳು ಇವು.

ಗದ್ದೆಯ ಲೆಕ್ಕ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿಯ ಹೊಲಗಳನ್ನು ಗದ್ದೆ ಮಾಡಿತು. ನಾರಾಯಣಪುರ ಬಲದಂಡೆ ದೇವದುರ್ಗಕ್ಕೆ ನೀರು ತಂದಿತು. ನೀರು ಬಂದ ಕಡೆ ಸಸಿ ಹಚ್ಚುವ ಕೆಲಸ ಬಂತು, ಅದು ಪೂರಾ ಹೆಂಗಸರದು. ಮೊಳಕಾಲುದ್ದ ಕೆಸರಿನಲ್ಲಿ ನಡು ಮಡಚಿ ಹಿಮ್ಮುಖ ನಡೆಯುತ್ತ ದಿನಪೂರ್ತಿ. ಅದು ಮುಗಿದರೆ ಕಳೆ, ಆಮೇಲೆ ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು. ಮನೆಗೆ ಬಂದರೆ ನೀರಿನ ಕೊಡ, ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು. ದೇವದುರ್ಗದ ಕಡೆಯಿಂದ ಬೆಂಗಳೂರಿಗೆ ಗುಳೆ ಹೋದವರಿಗೆ ಕಟ್ಟಡದ ಇಟ್ಟಿಗೆ, ಕಾಂಕ್ರೀಟು ಪುಟ್ಟಿ.

ಹೆರಿಗೆ ರಜೆಯ ಕಾನೂನು 2017ರಲ್ಲಿ ತಿದ್ದುಪಡಿಯಾಗಿ 26 ವಾರಕ್ಕೆ ಏರಿತು. ಗದ್ದೆಯವಳಿಗೆ ಅದು ಅನ್ವಯವಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆದಾಗ ಬಾಣಂತನ ತಿಂಗಳುಗಟ್ಟಲೆ ನಡೆಯುತ್ತದೆ, ಎರಡನೆಯದಕ್ಕೆ ಮೂರನೆಯದಕ್ಕೆ ಅದು ಕರಗುತ್ತ ಹೋಗುತ್ತದೆ. ಗಂಡನ ಮನೆಯಲ್ಲೇ ಹೆತ್ತವಳು ಸುಗ್ಗಿ ಬಂದರೆ ಎದ್ದಳೇ ಸರಿ. ಬಾಣಂತನದ ಪರ ವಾದಿಸುವವರೂ ದುಡಿಮೆಯ ಕಡೆ ಬೆರಳು ತೋರಿಸುವವರೂ ಇಲ್ಲಿ ತಮಗೆ ತಿಳಿಯದೆ ಒಂದೇ ಮಾತು ಹೇಳುತ್ತಿದ್ದಾರೆ: ಅವಳು ಬೇಗ ಎದ್ದಳು.

ಸರ್ಕಾರದ ಒಂದು ಒಳ್ಳೆಯ ಯೋಜನೆಯೂ ಈ ನೆಲದಲ್ಲಿ ಪರೀಕ್ಷೆಗೆ ಒಳಗಾಯಿತು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ‘ಮಾತೃಪೂರ್ಣ’ 2017ರ ಫೆಬ್ರುವರಿಯಲ್ಲಿ ಪ್ರಾಯೋಗಿಕವಾಗಿ ಶುರುವಾದ ನಾಲ್ಕು ತಾಲ್ಲೂಕುಗಳಲ್ಲಿ ಮಾನ್ವಿ ಒಂದು. ಆ ವರ್ಷದ ಅಕ್ಟೋಬರ್ 2ರಿಂದ ರಾಜ್ಯಕ್ಕೆಲ್ಲ ಹರಡಿತು. ಮೊಟ್ಟೆ, ಹಾಲು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆ ಎಲ್ಲ ಸರಿಯೇ. ಆದರೆ ಬಾಣಂತಿ ಹೊಸ್ತಿಲು ದಾಟಬಾರದೆಂಬ ಊರಲ್ಲಿ ಊಟಕ್ಕೆ ಅಂಗನವಾಡಿಗೆ ಬಾ ಎಂದರೆ ಅವಳು ಬರುವುದು ಹೇಗೆ? ಗಾಳಿಯ ಸಿದ್ಧಾಂತವನ್ನು ಕೇಳದೆ ಮಾಡಿದ ಯೋಜನೆ ಗಾಳಿಗೇ ಎಡವಿತು.

1997ರವರೆಗೆ ರಾಯಚೂರಿನದೇ ಭಾಗವಾಗಿದ್ದ ಕೊಪ್ಪಳದಲ್ಲಿ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಆಶಾ ಜಾರ್ಜ್ ಮಾಡಿದ ಅಧ್ಯಯನಗಳು ಇನ್ನೊಂದು ಪದರ ಬಿಚ್ಚಿದವು. ದೀರ್ಘಕಾಲದ ಕಾಯಿಲೆಗೆ ಚಿಕಿತ್ಸೆ ಯಾರಿಗೆ ಶುರುವಾಗುತ್ತದೆ, ಯಾರದು ನಡುವೆಯೇ ನಿಲ್ಲುತ್ತದೆ ಎಂದು ನೋಡಿದರೆ ಬಡತನದ ಜೊತೆಗೆ ಹೆಣ್ತನವೂ ತಕ್ಕಡಿಯಲ್ಲಿ ಕೂತಿತ್ತು.

ಮಾತಾಗದ್ದು, ಮತ್ತು ತಲೆನೋವು

ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ದಕ್ಷಿಣ ಕನ್ನಡದ ಹವ್ಯಕ ಹೆಂಗಸರ ನಡುವೆ ಕೆಲಸ ಮಾಡಿ 1981ರಲ್ಲಿ ಬರೆದ ಪ್ರಬಂಧ ಜಗತ್ತಿನಾದ್ಯಂತ ಓದಿಸಿಕೊಂಡಿತು. ಬಾಯಿಬಿಟ್ಟು ಹೇಳಲಾಗದ ಸಂಕಟಕ್ಕೆ ಮೈಯೇ ನುಡಿಗಟ್ಟಾಗುತ್ತದೆ ಎಂಬುದು ಅದರ ವಾದ. ಹೆತ್ತ ನಂತರದ ಖಿನ್ನತೆ ಭಾರತದಲ್ಲಿ ನೂರಕ್ಕೆ ಸುಮಾರು 22 ತಾಯಂದಿರಿಗೆ ಎಂದು 2017ರ ಒಂದು ಒಟ್ಟು ಲೆಕ್ಕ ಹೇಳುತ್ತದೆ. ಮೂರನೆಯದೂ ಹೆಣ್ಣಾದಾಗ, ಗಂಡ ಕುಡಿದು ಬಂದಾಗ “ಮನಸಿಗೆ ಬ್ಯಾಸರ ಐತಿ” ಎಂದರೆ ಯಾರು ದವಾಖಾನೆಗೆ ಕರೆದೊಯ್ಯುತ್ತಾರೆ? “ತಲಿ ಸಿಡೀತೈತಿ” ಎಂದರೆ ಒಬ್ಬರಾದರೂ ತಿರುಗಿ ನೋಡುತ್ತಾರೆ. ಈ ವಾದಕ್ಕೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಮನಸ್ಸಿನ ಮಾತು ಎಂದೊಡನೆ ನೋವು ಸುಳ್ಳು ಎಂದು ಕೇಳಿಸಿಕೊಳ್ಳುವ ಕಿವಿಗಳೇ ನಮ್ಮಲ್ಲಿ ಹೆಚ್ಚು.

ತಲೆನೋವನ್ನಂತೂ ಬಾಣಂತನಕ್ಕಷ್ಟೇ ಕಟ್ಟಿಹಾಕಲಾಗದು. ನಿಮ್ಹಾನ್ಸ್‌ನ ಸಂಶೋಧಕರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ ವರ್ಷದೊಳಗೆ ಮೈಗ್ರೇನ್ ಕಂಡವರು ನೂರಕ್ಕೆ 25.2, ಅದರಲ್ಲಿ ಹೆಂಗಸರೇ ಹೆಚ್ಚು. ಬಸುರಿನಲ್ಲಿ ಏರಿದ್ದ ಈಸ್ಟ್ರೋಜೆನ್ ಹೆತ್ತ ಕೂಡಲೇ ಜರ್ರನೆ ಇಳಿಯುವುದರಿಂದ ಸುಮ್ಮನಿದ್ದ ಮೈಗ್ರೇನ್ ಮರಳಿ ಏಳುತ್ತದೆ. ನಿದ್ದೆಗೆಟ್ಟ ರಾತ್ರಿಗಳು ಅದಕ್ಕೆ ಎಣ್ಣೆ ಸುರಿಯುತ್ತವೆ. ಅಂಗಡಿಯ ನೋವಿನ ಗುಳಿಗೆಯನ್ನು ತಿಂಗಳಲ್ಲಿ ಹದಿನೈದು ದಿನಕ್ಕೂ ಹೆಚ್ಚು ನುಂಗುತ್ತ ಹೋದರೆ ಆ ಗುಳಿಗೆಯೇ ದಿನನಿತ್ಯದ ತಲೆನೋವಾಗುತ್ತದೆ. ಆದರೆ ಹೆತ್ತ ಆರು ವಾರದೊಳಗೆ ತಲೆನೋವಿನ ಜೊತೆ ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ ಚರ್ಚೆಗೆ ಸಮಯವಿಲ್ಲ, ಅಂದೇ ದೊಡ್ಡ ದವಾಖಾನೆಗೆ ಹೋಗಬೇಕು. ಟೊಂಕನೋವಿನ ಜೊತೆ ಸಂಜೆ ಜ್ವರ ಬಂದು ತೂಕ ಇಳಿಯುತ್ತಿದ್ದರೆ ಬೆನ್ನೆಲುಬಿನ ಕ್ಷಯ ಇದೆಯೇ ನೋಡಬೇಕು. ಕಾಲು ಜೋಮು ಹಿಡಿದು ಮೂತ್ರದ ಹಿಡಿತ ತಪ್ಪಿದರೂ ತಡಮಾಡುವಂತಿಲ್ಲ.

ಗರ್ಭಚೀಲದ ದಾರಿ

ಉತ್ತರ ಸಿಗದ ನೋವು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕಲಬುರಗಿ ತೋರಿಸಿತು. ಬೆನ್ನುನೋವು, ಬಿಳಿಮುಟ್ಟು ಎಂದು ಹೋದ ತಾಂಡಾಗಳ, ದಲಿತ ಕೇರಿಗಳ ಹೆಂಗಸರಿಗೆ ಕ್ಯಾನ್ಸರ್ ಭಯ ಹುಟ್ಟಿಸಿ ಗರ್ಭಚೀಲ ತೆಗೆದದ್ದನ್ನು 2015ರ ಹೊತ್ತಿಗೆ ಕರ್ನಾಟಕ ಜನಾರೋಗ್ಯ ಚಳವಳಿ ಬಯಲಿಗೆ ತಂದಿತು. ನಲವತ್ತು ಕೂಡ ದಾಟದವರು ಅದರಲ್ಲಿದ್ದರು. ಬೇರೆ ರಾಜ್ಯಗಳ ಇಂಥದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಗರ್ಭಚೀಲ ತೆಗೆಯುವ ಬಗೆಗಿನ ಮಾರ್ಗಸೂಚಿ ಪಾಲಿಸಲು ರಾಜ್ಯಗಳಿಗೆ ಹೇಳಿತು. ಗರ್ಭಚೀಲ ಹೋದ ಮೇಲೂ ಟೊಂಕನೋವು ಹೋಗಿರಲಿಲ್ಲ ಎಂದವರು ಅನೇಕರು. ನೋವು ಇದ್ದದ್ದು ಅಲ್ಲಲ್ಲ.

ಇನ್ನೂ ಇತ್ಯರ್ಥವಾಗದ್ದು

ಸೂಜಿಯ ವಿಚಾರದಲ್ಲಿ ತೀರ್ಪು ಹೆಚ್ಚುಕಡಿಮೆ ಬಂದಿದೆ, ಆದರೆ ಅದು ಬಂದದ್ದು ಇಂಗ್ಲೆಂಡಿನ ಹೆರಿಗೆ ಕೋಣೆಗಳಿಂದ. ಹೆತ್ತ ಎರಡು ತಿಂಗಳಿಗೆ ಗದ್ದೆಗಿಳಿಯುವ ಮೈಗೂ ಅದು ಹಾಗೇ ಹೊಂದುತ್ತದೆಯೇ ಎಂಬುದು ತೆರೆದ ಪ್ರಶ್ನೆ. ಬಾಣಂತನದ ವಿಶ್ರಾಂತಿ ಎಷ್ಟು ದಿನದ್ದಾದರೆ ಬೆನ್ನು ಉಳಿಯುತ್ತದೆ, ನಲವತ್ತೋ ತೊಂಬತ್ತೋ? ನಡುಕಟ್ಟು ಆಸರೆಯೋ, ಸ್ನಾಯುವನ್ನು ಸೋಮಾರಿ ಮಾಡುತ್ತದೆಯೋ? ಇದರಲ್ಲಿ ಭೌತಚಿಕಿತ್ಸಕರೇ ಎರಡು ಪಂಗಡ. ಸಂತಾನಹರಣದ ನಂತರದ ಟೊಂಕನೋವು ಆಪರೇಶನ್ನಿನದೋ, ಅದರ ಹಿಂದುಮುಂದಿನ ಬಾಳಿನದೋ ಎಂಬ ವಾದ ಮುಗಿದಿಲ್ಲ. ಫ್ಲೋರೈಡಿನ ಪಾಲು ಅಳೆಯಲು ಕೊಳವೆಬಾವಿಯ ನೀರನ್ನೂ ಕಾಲುವೆ ನೀರನ್ನೂ ಕುಡಿಯುವ ಅಕ್ಕಪಕ್ಕದ ಊರಿನ ತಾಯಂದಿರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ಅಂಥ ಅಧ್ಯಯನಕ್ಕೆ ಎರಡು ಹೊಳೆಗಳ ನಡುವಿನ ಈ ಸೀಮೆಗಿಂತ ತಕ್ಕ ಜಾಗ ಇನ್ನೊಂದಿಲ್ಲ, ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ.

ಅಲ್ಲಿಯವರೆಗೆ ಕಾಯಬೇಕಿಲ್ಲದ ಕೆಲಸ ಒಂದಿದೆ. ಮಗುವಿನ ಬೆಳವಣಿಗೆ ನೋಡಲು ಆಶಾ ಕಾರ್ಯಕರ್ತೆ 42ನೇ ದಿನದ ನಂತರವೂ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೇ ತಿಂಗಳಿಗೆ ಅದೇ ಮನೆಗೆ ಹೋಗುವ ಕಾರ್ಯಕ್ರಮ 2018ರಿಂದ ಇದೆ. ಅವಳು ತುಂಬುವ ನಮೂನೆಯಲ್ಲಿ ತಾಯಿಗೂ ಎರಡು ಸಾಲು ಸೇರಿಸಿ: ಟೊಂಕ ಹೆಂಗೈತಿ, ತಲಿ ಹೆಂಗೈತಿ.